ಹೊನ್ನಾವರದ ವಿಳಾಸ

೧೯೬೬ನೇ ಇಸವಿ, ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತೂಕಾಲು ಗಂಟೆ. ಸ್ಥಳ: ಹುಂಚ, ನೇಮಿರಾಜಯ್ಯನವರ ಮನೆಯ ಜಗಲಿ. ಹಾಜರಿದ್ದವರು: ನೇಮಿರಾಜಯ್ಯ, ಅವರ ತಾಯಿ ಪದ್ಮಾವತಮ್ಮ, ತಮ್ಮ ಧರಣೇಂದ್ರ, ಬಾಗಿಲ ಹಿಂದೆ ನಿಂತಿದ್ದ ತಂಗಿ ಸುಶೀಲೆ, ಮತ್ತು ನಾನು. ಆ ಜಗಲಿಯ ಮೇಲೆ, ನನ್ನ ಕೆಲಸ ಉಳಿಸಿಕೊಳ್ಳುವುದಕ್ಕಾಗಿ, ನಾನು ಪ್ರೀತಿಸುತ್ತಿದ್ದವನನ್ನು ಅವನ ಮನೆಯಿಂದ ಹೊರಗೆ ಹಾಕಿಸಿದೆ. ಮೂರು ವರ್ಷದ ನಂತರ ಅವನ ತಾಯಿ, ಸಾಯುವ ಮೊದಲು ಒಮ್ಮೆ ಅವನನ್ನು ನೋಡಬೇಕೆಂದು ಹೇಳಿಕಳಿಸಿದಾಗ, ಅವನ ವಿಳಾಸ ಗೊತ್ತಿದ್ದೂ ಗೊತ್ತಿಲ್ಲ ಎಂದೆ.

ತಪ್ಪು ಇಷ್ಟು. ಇನ್ನು ಮುಂದಿನದು ವಿವರ.

ಓದುವವರು ಕನಿಕರ ತೋರಿಸಬೇಡಿ. ನನಗೀಗ ಎಂಬತ್ತನಾಲ್ಕು, ಕನಿಕರ ಬೇಕಾದ ವಯಸ್ಸಲ್ಲ ಇದು. ಆ ಕಾಲ ಹಾಗಿತ್ತು, ಏನು ಮಾಡುವುದು ಎಂದು ನನ್ನ ಪರವಾಗಿ ನೀವು ಹೇಳುವುದೂ ಬೇಡ. ಕಾಲ ಎಲ್ಲರಿಗೂ ಅದೇ ಇತ್ತು. ಧರಣೇಂದ್ರನಿಗೂ ಅದೇ ಇತ್ತು. ಅವನು ಅವತ್ತು ಏನು ಮಾಡಿದ ಎಂಬುದನ್ನು ಮುಂದೆ ಬರೆಯುತ್ತೇನೆ.

ಇದನ್ನು ಬರೆಯಲು ಕೂತದ್ದು ಒಳ್ಳೆಯ ಬುದ್ಧಿ ಬಂದು ಅಲ್ಲ. ಸಾಗರದ ನಿವೃತ್ತ ಶಿಕ್ಷಕರು ಕೆಲವರು ಸೇರಿ ಹೊನ್ನಾವರಕ್ಕೆ ಪ್ರವಾಸ ಹೊರಟಿದ್ದಾರೆ. ಜೊತೆಗೆ ಒಂದು ಪುಸ್ತಿಕೆ. ‘ನನ್ನ ಮೆಚ್ಚಿನ ಊರು’ ಎಂಬ ವಿಷಯದ ಮೇಲೆ ಎರಡು ಪುಟ ಬರೆದುಕೊಡಿ ಎಂದು ಒಬ್ಬರು ಬಾಗಿಲಿಗೇ ಬಂದರು. “ನಿಮಗೆ ಹೊನ್ನಾವರ ಚೆನ್ನಾಗಿ ಗೊತ್ತಂತಲ್ಲ ಮೇಷ್ಟ್ರೇ, ಆಗೆಲ್ಲ ಪ್ರತಿ ವರ್ಷಾ ಹೋಗ್ತಿದ್ರಂತೆ?” ಎಂದರು. ಯಾರು ಹೇಳಿದರೋ. ಬರೆದೆ. ದೋಣಿ, ಮರಳು, ಗಾಳಿಮರದ ತೋಪು, ಶರಾವತಿ ಸಮುದ್ರಕ್ಕೆ ಸೇರುವ ಜಾಗದಲ್ಲಿ ನೀರು ಎರಡು ಬಣ್ಣವಾಗಿ ಕಾಣುವುದು — ಎರಡು ಪುಟ, ಒಂದು ಚಿತ್ತುಕಾಟೂ ಇಲ್ಲದೆ. ಓದಿದರೆ ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ಅಸಹ್ಯವಾಯಿತು. ಒಂದು ಊರನ್ನು ಅಷ್ಟು ಚೆಂದ ಬರೆದು, ಅಲ್ಲಿ ನನ್ನ ಪಕ್ಕ ಯಾರು ನಡೆಯುತ್ತಿದ್ದ ಎಂಬುದನ್ನು ಬಿಟ್ಟುಬಿಟ್ಟಿದ್ದೆ. ಹರಿದು ಹಾಕಿದೆ.

ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಐದಕ್ಕೆ ಏಳುವುದು, ಐದೂವರೆಗೆ ತಣ್ಣೀರು, ಆರಕ್ಕೆ ಮೈದಾನ. ಇವತ್ತಿಗೂ ಹಾಗೇ, ಮೈದಾನ ಒಂದಿಲ್ಲ. ಧರಣೇಂದ್ರ ಹೊಸನಗರದಲ್ಲಿ ಅವನ ಅಣ್ಣನ ಮಳಿಗೆಯ ಮೇಲಿನ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ. ಅದು ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಜಮೀನು ಮುಳುಗುವವರೆಲ್ಲ ಅರ್ಜಿ ಟೈಪು ಮಾಡಿಸಲು ಅವನ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತಿದ್ದರು. ನಾನು ತಾಲ್ಲೂಕು ಕ್ರೀಡಾಕೂಟದ ಪ್ರಶಸ್ತಿಪತ್ರ ಟೈಪು ಮಾಡಿಸಲು ಹೋಗಿ, ಅಂಚು ಸರಿಯಿಲ್ಲ ಎಂದು ಮೂರು ಸಲ ವಾಪಸ್ ಕೊಟ್ಟೆ. ಮೂರನೇ ಸಲ ಅವನು ಅಡಿಕೋಲನ್ನೇ ನನ್ನ ಕೈಗಿಟ್ಟು, “ತಗಳಿ ಮೇಷ್ಟ್ರೇ, ಅಕ್ಷರಗಳಿಗೆ ನೀವೇ ಸೀಟಿ ಊದಿ ನಿಲ್ಸಿ” ಎಂದ. ಹಾಗೆ ಶುರುವಾಯಿತು. ಏನು ಶುರುವಾಯಿತು ಎಂದು ಹೇಳಲು ಆಗ ನಮ್ಮಿಬ್ಬರ ಹತ್ತಿರವೂ ಒಂದು ಮರ್ಯಾದೆಯ ಪದ ಇರಲಿಲ್ಲ. ಈಗ ಪತ್ರಿಕೆಯಲ್ಲಿ ಸಲಿಂಗಿ ಎಂದು ಬರೆಯುತ್ತಾರೆ. ಆಯಿತು, ಅದೇ. ನಾನು ಅದೇ.

೧೯೬೧ರಿಂದ ೧೯೬೬ರವರೆಗೆ ಪ್ರತಿ ಮೇ ತಿಂಗಳು ಆರು ದಿನ ಹೊನ್ನಾವರ. ಬಸ್ಸಿನಲ್ಲಿ ಗೇರುಸೊಪ್ಪೆ ಘಾಟಿ ಇಳಿದು, ಹೊನ್ನಾವರದಲ್ಲಿ ದೋಣಿ ಹತ್ತಿ, ನದಿಯ ಆಚೆ ದಡದ ಕಾಸರಕೋಡಿಗೆ. ಅಲ್ಲಿ ಮರಿಯಾಬಾಯಿ ಎಂಬ ವಿಧವೆಯ ಮನೆ. ಹಂಚಿನ ಮಾಡು, ಅಂಗಳದಲ್ಲಿ ಸಿಹಿನೀರಿನ ಬಾವಿ. ಧರಣೇಂದ್ರ ಜೈನ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಈರುಳ್ಳಿ ಇಲ್ಲ, ಗೆಡ್ಡೆ ಇಲ್ಲ. ಮರಿಯಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದಳು: “ಈರುಳ್ಳಿ ಬೇಡ, ಬಟಾಟೆ ಬೇಡ, ರಾತ್ರಿ ಊಟ ಬೇಡ! ನಿಮ್ಮನ್ನು ಸಾಕೂದು ಬಾರೀ ಸಸ್ತ ಮಾರಾಯ್ರೆ!”

ಐದೂವರೆಗೆ ಊಟ ಮುಗಿಸಿ ಮರಳಿಗೆ ಹೋಗುತ್ತಿದ್ದೆವು. ಹೊಸನಗರದ ಕಾಡಿನಲ್ಲಿ ಬೆಳೆದವನಿಗೆ ಅಲೆ ಎಂದರೆ ಭಯ. ನಾನು ಅವನ ಕೈ ಹಿಡಿದು, ಒಂದು — ಎರಡು — ಉಸಿರು ಬಿಡು ಎಂದು ಎಣಿಸಿ ಕಲಿಸುತ್ತಿದ್ದೆ. “ಮೊದ್ಲು ಸಮುದ್ರಕ್ಕೆ ಡ್ರಿಲ್ ಹೇಳ್ಕೊಡು ನೀನು,” ಎನ್ನುತ್ತಿದ್ದ, “ಒಂದು ಅಲೆನಾದ್ರೂ ಸಾಲಾಗಿ ಬರ್ತಿದ್ಯಾ ನೋಡು.” ಆ ಆರು ದಿನ ನಾನು ವಾಚು ಕಟ್ಟುತ್ತಿರಲಿಲ್ಲ. ಇಡೀ ಜೀವನದಲ್ಲಿ ನಾನು ವಾಚು ಕಟ್ಟದ ದಿನಗಳು ಮೂವತ್ತಾರು.

ಸಾಕು. ಇದನ್ನೇ ಇನ್ನೊಂದು ಪುಟ ಬರೆದರೆ ಹರಿದು ಹಾಕಿದ್ದನ್ನೇ ಮತ್ತೆ ಬರೆದಂತೆ.

ಮನೆಯಲ್ಲಿ ಇಬ್ಬರೂ ಸುಳ್ಳು ಹೇಳಿ ಬರುತ್ತಿದ್ದೆವು, ಬೇರೆ ಬೇರೆ ಸುಳ್ಳು. ನನ್ನದು ಸುಲಭ. ನಾವು ಬ್ರಾಹ್ಮಣರು, ನಮ್ಮವರಲ್ಲಿ ಸಮುದ್ರವನ್ನು ಸುಮ್ಮಸುಮ್ಮನೆ ಮುಟ್ಟಬಾರದು. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ಪರ್ವಕಾಲದಲ್ಲಿ ಮಾತ್ರ ಸ್ನಾನ. ವೈಶಾಖದ ಅಮಾವಾಸ್ಯೆ ಆರು ದಿನದೊಳಗೆ ಬರುವ ಹಾಗೆ ಪಂಚಾಂಗ ನೋಡಿ ಹೊರಡುತ್ತಿದ್ದೆ. ಅಮ್ಮ ಎಳ್ಳಿನ ಪೊಟ್ಟಣ ಕೊಟ್ಟು, “ಯನ್ನ ಹೆಸ್ರಲ್ಲೂ ಒಂದು ಮುಳುಗು ಹಾಕು ಮಾಣಿ, ಮರೆಯಡ” ಎನ್ನುತ್ತಿದ್ದಳು. ಹಾಕುತ್ತಿದ್ದೆ. ಅದೊಂದು ಮಾತ್ರ ನಿಜ.

ಧರಣೇಂದ್ರನ ಸುಳ್ಳು ಕಷ್ಟದ್ದು. ಟೈಪ್‌ರೈಟರ್ ರಿಪೇರಿ ಎಂದು ಹೇಳಿ ಬರುತ್ತಿದ್ದ. ಹೊನ್ನಾವರದಲ್ಲಿ ಒಳ್ಳೆಯ ಮೆಕ್ಯಾನಿಕ್ ಇದ್ದಾನೆ ಎಂದು. ಹೇಳಿದ್ದಕ್ಕೆ ಸರಿಯಾಗಿ ಮಷೀನನ್ನು ಗೋಣಿಯಲ್ಲಿ ಕಟ್ಟಿ, ಹೆಗಲ ಮೇಲೆ ಹೊತ್ತು ಎರಡು ಬಸ್ಸು, ಒಂದು ದೋಣಿ ಹತ್ತಿ ಬರುತ್ತಿದ್ದ. ಏನೂ ಕೆಡದ ಮಷೀನು. ಯಾಕೋ ಈ ಪಾಡು ಎಂದರೆ, “ಸುಳ್ಳಿಗೆ ತೂಕ ಬೇಕು” ಎನ್ನುತ್ತಿದ್ದ.

ನನಗೆ ಇದು ಸರಿಕಾಣುತ್ತಿರಲಿಲ್ಲ. ಒಂದೇ ಪ್ರಯಾಣಕ್ಕೆ ಎರಡು ಕಾರಣ ಅಚ್ಚುಕಟ್ಟಲ್ಲ, ಯಾರಾದರೂ ಇಬ್ಬರನ್ನೂ ಒಟ್ಟಿಗೆ ಕೇಳಿದರೆ ಸಿಕ್ಕಿಬೀಳುತ್ತೇವೆ ಎನಿಸುತ್ತಿತ್ತು. ಹಾಗಾಗಿ ಅಂಥ ದಿನ ಬಂದರೆ ಇಬ್ಬರಿಗೂ ಸೇರಿ ಒಂದೇ ಉತ್ತರ ಕೊಡುವುದೆಂದು ಒಳಗೇ ನಿಶ್ಚಯ ಮಾಡಿಟ್ಟುಕೊಂಡಿದ್ದೆ. ಅವನನ್ನು ಒಂದು ಮಾತೂ ಕೇಳಲಿಲ್ಲ. ಕೇಳುವ ಅಭ್ಯಾಸ ನನಗಿರಲಿಲ್ಲ — ಸೀಟಿ ಊದಿದವನು ಸಾಲಿನವರನ್ನು ಕೇಳುತ್ತಾನೆಯೇ?

೧೯೬೬ರಲ್ಲಿ, ಮದುವೆಗೆಂದು ಹೊನ್ನಾವರಕ್ಕೆ ಬಂದಿದ್ದ ಹೊಸನಗರದ ಒಬ್ಬ ಬಟ್ಟೆ ವ್ಯಾಪಾರಿ ನಮ್ಮನ್ನು ಮರಳಿನಲ್ಲಿ ನೋಡಿದ. ಹೇಗೆ ಕೂತಿದ್ದೆವು ಎಂಬುದನ್ನೂ ನೋಡಿದ. ವಾರದೊಳಗೆ ಅವನ ಅಣ್ಣ ನೇಮಿರಾಜಯ್ಯನವರಿಂದ ನನಗೆ ಕರೆ ಬಂತು. ಹೋಗದಿದ್ದರೆ ಅನುಮಾನ ಎಂದು ಮೊದಲ ಬಸ್ಸಿಗೇ ಹೋದೆ.

ನೇಮಿರಾಜಯ್ಯ ದನಿ ಎತ್ತಲಿಲ್ಲ. “ನೋಡಿ ಮೇಷ್ಟ್ರೇ, ತಂಗಿಗೆ ತೀರ್ಥಹಳ್ಳಿ ಕಡೆ ಸಂಬಂಧ ಕೂಡಿ ಬರ್ತಿದೆ. ಊರಲ್ಲಿ ಒಂದು ಮಾತು ಓಡಾಡ್ತಾ ಇದೆ. ಅದು ಸುಳ್ಳು ಅಂತ ನಿಮ್ಮ ಬಾಯಲ್ಲಿ ಕೇಳಾಣ ಅಂತ ಕರೆಸ್ದೆ. ಆರು ದಿನ ಅಲ್ಲಿ ಎಂತ ಕೆಲ್ಸ ಇತ್ತು ನಿಮ್ಗೆ?”

ಧರಣೇಂದ್ರ “ಅಣ್ಣ, ಮಷೀನು —” ಎಂದು ಬಾಯಿ ತೆರೆದ. ಆ ಉತ್ತರವೇ ಸಾಕಾಗುತ್ತಿತ್ತು. ಮಷೀನು ಅಲ್ಲೇ ಗೋಡೆಯ ಪಕ್ಕ ಗೋಣಿಯಲ್ಲಿತ್ತು, ಸಾಕ್ಷಿಗೆ. ನಾನು ಅವನ ಮಾತು ತುಂಡರಿಸಿ, ಎದೆಯುಬ್ಬಿಸಿ, ತರಗತಿಗೆ ಹೇಳುವಂತೆ ಹೇಳಿದೆ: “ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಹೋಗಿದ್ದೆವು. ಇಬ್ಬರೂ.”

ಪದ್ಮಾವತಮ್ಮ ನಿಧಾನಕ್ಕೆ ಕೇಳಿದರು: “ಸಮುದ್ರದಲ್ಲಿ ಮುಳುಗಿದ್ರೆ ಪಾಪ ಹೋಗ್ತದೆ ಅಂತ ನಮ್ಮನೇಲಿ ಯಾರಪ್ಪ ಹೇಳ್ಕೊಟ್ರು?”

ಆರು ವರ್ಷ ಅವನ ಜೊತೆ ಇದ್ದೂ ನನಗೆ ಇದು ಹೊಳೆದಿರಲಿಲ್ಲ. ನದಿಯಲ್ಲಿ, ಸಮುದ್ರದಲ್ಲಿ ಮುಳುಗಿ ಪುಣ್ಯ ಬರುತ್ತದೆ ಎನ್ನುವುದು ಜೈನರಿಗೆ ಶುದ್ಧ ಮೌಢ್ಯ. ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲೇ ಅದು ಬರುತ್ತದೆ. ಅವನ ಊಟದ ಹೊತ್ತು ಗೊತ್ತಿತ್ತು, ಅವನು ಬಿಟ್ಟ ತರಕಾರಿ ಗೊತ್ತಿತ್ತು. ಅವನು ಏನನ್ನು ನಂಬುತ್ತಾನೆ ಎಂದು ಒಂದು ದಿನವೂ ಕೇಳಿರಲಿಲ್ಲ. ನನ್ನ ಮನೆಯ ಸುಳ್ಳನ್ನು ಅವನಿಗೆ ತೊಡಿಸಿದೆ. ಅದು ಅವನ ಮೈಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ.

ನೇಮಿರಾಜಯ್ಯ ನಕ್ಕರು. ಆ ನಗು ಚೆನ್ನಾಗಿರಲಿಲ್ಲ. “ಕೇಳಿದ್ಯೇನವ್ವ, ನಿನ್ನ ಮಗ ಪುಣ್ಯಸ್ನಾನಕ್ಕೆ ಹೋದ್ನಂತೆ! ಸರಿ ಬಿಡಿ ಮೇಷ್ಟ್ರೇ. ನಾಳೆ ಸಾಗರಕ್ಕೆ ಬತ್ತೀನಿ, ನಿಮ್ಮ ಹೆಡ್‌ಮಾಸ್ಟ್ರನ್ನೇ ಕೇಳ್ತೀನಿ, ಅವ್ರೇನು ಹೇಳ್ತಾರೆ ನೋಡಾಣ.”

ಆಗ ನಾನು ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯುತ್ತೇನೆ, ಒಂದಕ್ಷರ ಮೆತ್ತಗೆ ಮಾಡದೆ: “ನನ್ನದೇನೂ ಇಲ್ಲ. ಇವನೇ ನನ್ನ ಹಿಂದೆ ಬಿದ್ದವನು. ಇವನ ಬುದ್ಧಿ ಕೆಟ್ಟಿದೆ. ಇವನನ್ನು ಮನೆಯಲ್ಲಿಟ್ಟುಕೊಂಡರೆ ನಿಮ್ಮ ಹುಡುಗಿಗೆ ಮದುವೆ ಆಗುವುದಿಲ್ಲ.”

ಬಾಗಿಲ ಹಿಂದೆ ಬಳೆ ಸದ್ದಾಯಿತು. ಸುಶೀಲೆ ಕೇಳಿಸಿಕೊಂಡಳು. ಆಗ ಅವಳಿಗೆ ಹತ್ತೊಂಬತ್ತು.

ಧರಣೇಂದ್ರ ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ — ಬೈದಿದ್ದರೆ, ಒಂದು ಏಟು ಹೊಡೆದಿದ್ದರೆ, ನಾನು ಬಹುಶಃ... ಅವನು ಅಣ್ಣನ ಕಡೆ ತಿರುಗಿ ಹೇಳಿದ: “ಹೌದು. ಮೇಷ್ಟ್ರು ಹೇಳಿದ್ದು ಸರಿ. ಅವ್ರದ್ದೇನೂ ತಪ್ಪಿಲ್ಲ.”

ಅಷ್ಟೇ. ನೇಮಿರಾಜಯ್ಯ ಅವನನ್ನು ಮನೆಯಿಂದ ಹೊರಗೆ ಹಾಕಿದರು. ನನ್ನ ಕೆಲಸ ಉಳಿಯಿತು.

ಹನ್ನೆರಡೂವರೆಯ ಬಸ್ಸಿಗೆ ನಾನು ಮುಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಡುವ ಹೊತ್ತಿಗೆ ಅವನೂ ಹತ್ತಿದ, ಹೆಗಲ ಮೇಲೆ ಗೋಣಿ. ಕಂಡಕ್ಟರ್ “ಏನ್ ಧರಣಪ್ಪ, ಮತ್ತೆ ಕೆಟ್ಟೋಯ್ತಾ ಮಷೀನು?” ಎಂದ. ಉತ್ತರ ಕೇಳಿಸಲಿಲ್ಲ. ಹೊಸನಗರದಲ್ಲಿ ಇಳಿದ. ನಾನು ತಿರುಗಿ ನೋಡಲಿಲ್ಲ. ಶಾಲೆ ತೆರೆದ ದಿನ ಬೆಳಿಗ್ಗೆ ಸರಿಯಾದ ಹೊತ್ತಿಗೆ ಸೀಟಿ ಊದಿದೆ.

ಆ ಮಳೆಗಾಲದಲ್ಲಿ ಒಂದು ಕಾರ್ಡು ಬಂತು. ಟೈಪು ಮಾಡಿದ್ದು, ಅಂಚು ಸರಿಯಾಗಿತ್ತು. ‘ಮರಿಯಾಬಾಯಿಯವರ ಮನೆಯಲ್ಲೇ ಇದ್ದೇನೆ. ಕೋರ್ಟಿನ ಎದುರು ಮಷೀನು ಹಾಕಿದ್ದೇನೆ. ಮೇ ತಿಂಗಳಲ್ಲಿ ಬಾ.’ ಕೆಳಗೆ ಪೂರ್ತಿ ವಿಳಾಸ. ಸ್ನಾನದ ಒಲೆಗೆ ಹಾಕಿದೆ. ಸುಟ್ಟದ್ದು ಕಾರ್ಡು ಮಾತ್ರ. ವಿಳಾಸ ಒಂದು ಸಲ ಓದಿದ್ದೇ ಬಾಯಿಪಾಠವಾಗಿತ್ತು.

ಮೇ ಬಂತು, ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಅಮ್ಮ ಕೇಳಿದರೆ ಕಾಲುನೋವು ಎಂದೆ.

೧೯೬೯ರಲ್ಲಿ, ಚಳಿಗಾಲ. ಮೂರನೇ ಪೀರಿಯಡ್. ಮೈದಾನದ ಅಂಚಿನಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಸುಶೀಲೆ. ಮದುವೆಯಾಗಿ ತೀರ್ಥಹಳ್ಳಿ ಸೇರಿದ್ದಳು, ಅಲ್ಲಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಪೀರಿಯಡ್ ಮುಗಿಯಲು ಹದಿನೇಳು ನಿಮಿಷವಿತ್ತು. ಅಷ್ಟೂ ಹೊತ್ತು ಬಿಸಿಲಲ್ಲಿ ನಿಲ್ಲಿಸಿದೆ. ಆ ಹದಿನೇಳು ನಿಮಿಷ ನಾನು ಏನು ಮಾಡುತ್ತಿದ್ದೆ ಗೊತ್ತೇ? ಮುಖ ಸರಿಮಾಡಿಕೊಳ್ಳುತ್ತಿದ್ದೆ.

“ನಿಮ್ಮ ಮೇಲೆ ಗೌರವ ಇಟ್ಕೊಂಡು ಬಂದಿಲ್ಲ ಮೇಷ್ಟ್ರೇ,” ಎಂದಳು. “ಅವ್ವ ಅನ್ನ ಬಿಟ್ಟು ಎಂಟು ದಿನ ಆಯ್ತು. ಧರಣಿಯಣ್ಣನ್ನ ಕರೀರಿ ಅಂತಾಳೆ, ಬೇರೆ ಮಾತೇ ಇಲ್ಲ. ದೊಡ್ಡಣ್ಣನೂ ಕರ್ಕೊಂಡ್ ಬಾ ಅಂದ. ಎಲ್ಲಿದಾನೆ ಅಂತ ಯಾರಿಗೂ ಗೊತ್ತಿಲ್ಲ. ನಿಮ್ಗೆ ಗೊತ್ತಾ?”

“ಗೊತ್ತಿಲ್ಲಮ್ಮ. ಅವತ್ತಿನಿಂದ ಸಂಪರ್ಕವಿಲ್ಲ.”

“ಒಂದು ಸಲ ನೆನಪು ಮಾಡ್ಕೊಳ್ಳಿ.”

“ಗೊತ್ತಿಲ್ಲ.”

ಮಾಡಿಕೊಳ್ಳಲು ಏನಿತ್ತು? ಇಡೀ ವಿಳಾಸ ನಾಲಿಗೆಯ ಮೇಲೆ ಇತ್ತು. ಹೇಳಿದ್ದರೆ, ಕಾರ್ಡು ಬಂದದ್ದು ತಿಳಿಯುತ್ತಿತ್ತು. ಕಾರ್ಡು ಬಂದಿದೆ ಎಂದಾದರೆ, ಹಿಂದೆ ಬಿದ್ದವನು ಅವನೊಬ್ಬನೇ ಅಲ್ಲ ಎಂದು... ಇದನ್ನು ಕಾರಣ ಎಂದು ಬರೆಯುತ್ತಿಲ್ಲ. ತಲೆಯೊಳಗೆ ಓಡಿದ್ದನ್ನು ಬರೆಯುತ್ತಿದ್ದೇನೆ. ಸಾಗರದಿಂದ ಹೊನ್ನಾವರ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಸಂಜೆಗೆ ಅವನು ತಾಯಿಯ ಹತ್ತಿರ ಇರುತ್ತಿದ್ದ. ಪದ್ಮಾವತಮ್ಮ ಇನ್ನೂ ಮೂರು ದಿನ ಬದುಕಿದ್ದರು ಎಂದು ಆಮೇಲೆ ಕೇಳಿದೆ. ಮೂರು ದಿನ — ಮೂರು ಸಲ ಹೋಗಿ ಬರುವಷ್ಟು ಹೊತ್ತು.

ಇಲ್ಲಿಯವರೆಗಿನದು ನಿನ್ನೆ ಬರೆದದ್ದು. ಇದನ್ನು ಬೇರೆಯವರು ಓದುವ ಮೊದಲು ಓದಬೇಕಾದವರು ಒಬ್ಬರಿದ್ದಾರೆ. ಇವತ್ತು ಮೊದಲ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ.

ಸುಶೀಲಮ್ಮನಿಗೂ ಈಗ ಎಪ್ಪತ್ತು ದಾಟಿದೆ. ನನ್ನ ಗುರುತು ಹಿಡಿದರು. ಒಳಗೆ ಬನ್ನಿ ಎನ್ನಲಿಲ್ಲ. ಹಾಳೆಗಳನ್ನು ಕೊಟ್ಟೆ. ಕನ್ನಡಕ ತಂದು, ಹೊರಗಿನ ಕಟ್ಟೆಯ ಮೇಲೆ ಕೂತು ಓದಿದರು. ಜಗಲಿಯ ಭಾಗವನ್ನು ಎರಡು ಸಲ ಓದಿದರು. ಮುಗಿಸಿ, ಹಾಳೆಗಳನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟರು.

“ಚೆಂದ ಬರ್ದಿದೀರಿ,” ಎಂದರು. “ಈ ಚೆಂದ ಕಟ್ಕೊಂಡು ನಂಗೇನಾಗ್ಬೇಕು? ಬದುಕಿದಾನಾ ಅವ್ನು?”

“ಗೊತ್ತಿಲ್ಲ.”

“ಇದೂ ಗೊತ್ತಿಲ್ವಾ, ಅವತ್ತಿನ ಹಾಗೆ?”

“ಇದು ನಿಜವಾಗಿಯೂ ಗೊತ್ತಿಲ್ಲ. ವಿಚಾರಿಸಲಿಲ್ಲ.”

“ಐವತ್ತು ವರ್ಷ?”

“ಹೌದು.”

ಅವರು ಕನ್ನಡಕ ತೆಗೆದು ಮಡಚಿದರು. ಆಮೇಲೆ ಹೇಳಿದ ಮಾತಿಗೆ ನಾನು ಸಿದ್ಧನಾಗಿರಲಿಲ್ಲ. ಅವರ ಸಿಟ್ಟಿಗೆ ಸಿದ್ಧನಾಗಿ ಹೋಗಿದ್ದೆ, ಇದಕ್ಕೆ ಅಲ್ಲ. “ನನ್ನ ಮದುವೆ ನಿಲ್ಲತ್ತೆ ಅಂದ್ರಿ ನೀವು. ಅದ್ಕೇ ಅಣ್ಣ ಹೋದ ಅಂದ್ಕೊಂಡೆ ನಾನು. ತಾಳಿ ಕಟ್ಟಿಸ್ಕೊಳ್ಳೋವಾಗ್ಲೂ ಅದೇ ತಲೇಲಿ. ಅವ್ವ ಸಾಯೋವಾಗ ನನ್ನ ಮುಖ ನೋಡಿದ್ಲು — ನಿನ್ನಿಂದ ಅಂತ ಬೈತಿದಾಳೆ ಅನ್ಸ್ತು. ಮೊಮ್ಮಕ್ಕಳಾದ್ರೂ ಹೋಗಿಲ್ಲ ಅದು. ನಿಮ್ಮ ಕೆಲ್ಸ ಉಳೀಲಿ ಅಂತ ಅಷ್ಟೇನಾ?”

“ಅಷ್ಟೇ.”

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿದೆ. ಅದನ್ನು ಹೇಳಿದ್ದರೆ ಅದಕ್ಕೂ ಅವರು ಏನಾದರೊಂದು ಉತ್ತರ ಕೊಡಬೇಕಾಗುತ್ತಿತ್ತು. ಅವರ ಮೇಲೆ ಇನ್ನೊಂದು ಕೆಲಸ ಹೇರಿದಂತೆ.

“ವಿಳಾಸ ಹೇಳಿ,” ಎಂದರು.

ಹೇಳಿದೆ. ಒಂದೇ ಉಸಿರಿನಲ್ಲಿ ಬಂತು, ಮನೆಯ ನಂಬರಿನ ಸಮೇತ.

“ಹೇಳಕ್ಕೆ ಅರ್ಧ ನಿಮಿಷನೂ ಬೇಡ,” ಎಂದರು. “ಆ ಮನೆ ಈಗ ಇರತ್ತಾ?”

“ಇಲ್ಲದಿದ್ದರೂ ಜಾಗ ಗುರುತು ಹಿಡಿಯುತ್ತೇನೆ. ಪಕ್ಕದವರನ್ನು ಕೇಳಬಹುದು.”

“ಕೇಳೋದು ನಾನು. ನೀವು ಜಾಗ ತೋರ್ಸಿ ಅಷ್ಟೇ. ನಾಳೆ ಎಂಟಕ್ಕೆ ಸಾಗರದ ಬಸ್‌ಸ್ಟ್ಯಾಂಡಲ್ಲಿ ನಿಂತಿರಿ, ಮಗ ಕಾರು ತರ್ತಾನೆ. ನನ್ನ ಪಕ್ಕ ಕೂರ್ಬೇಡಿ, ಮುಂದೆ ಕೂತ್ಕೊಳ್ಳಿ. ಹಳೇದೆಲ್ಲ ತೆಗೀಬೇಡಿ, ಆ ಊರು ಹಂಗಿತ್ತು ಹಿಂಗಿತ್ತು ಅಂತ ಒಂದು ಮಾತು ಬೇಡ. ಎಡಕ್ಕೆ, ಬಲಕ್ಕೆ, ಅಷ್ಟೇ ಹೇಳಿ. ಬದುಕಿದ್ರೆ, ನಾನು ಒಳಗೆ ಹೋಗ್ತೀನಿ. ನೀವು ರಸ್ತೇಲಿ ಇರಿ. ಅವ್ನು ಕರದ್ರೆ ಬನ್ನಿ. ಕರೀದಿದ್ರೆ ಬಸ್ಸು ಹತ್ತಿ.”

ಸರಿ ಎಂದೆ. ಹಾಳೆಗಳನ್ನು ಅವರೇ ಇಟ್ಟುಕೊಳ್ಳುತ್ತಾರೆಂದು ಕಾದೆ. “ತಗಂಡೋಗಿ, ನಿಮ್ಮದು,” ಎಂದು ಬಾಗಿಲು ಹಾಕಿಕೊಂಡರು.

ನಾಲ್ಕೂಮುಕ್ಕಾಲಿಗೆ ಸಾಗರಕ್ಕೆ ಬಂದೆ. ಪುಸ್ತಿಕೆಯವರ ಮನೆಗೆ ಹೋಗಿ, ನನ್ನ ಲೇಖನ ಇದೇ, ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲವಾದರೆ ಬೇಡ, ಕೊನೆಯ ಒಂದು ಪುಟ ಬಾಕಿಯಿದೆ, ಇವತ್ತೇ ಕೊಡುತ್ತೇನೆ ಎಂದು ಹೇಳಿದೆ. ಮನೆಗೆ ಬಂದು ಆ ಪುಟ ಬರೆಯಲು ಕೂತೆ, ಇಲ್ಲಿಯವರೆಗೆ ಬರೆದು ಎದ್ದೆ. ಬಟ್ಟೆ ಒಂದು ಜೊತೆ ಚೀಲಕ್ಕೆ ಹಾಕಿದೆ. ಆರೂಕಾಲಿಗೆ ಹಾಲಿನವನ ಮನೆಗೆ ನಡೆದು ಹೋಗಿ, ನಾಳೆ ಹಾಲು ಬೇಡ ಎಂದೆ.

“ಎಲ್ಲಿಗೆ ಸವಾರಿ ಮೇಷ್ಟ್ರೇ?”

“ಹೊನ್ನಾವರಕ್ಕೆ.”

“ಓಹೋ, ಸಮುದ್ರ ನೋಡಾಕೆ!”

“ಅಲ್ಲ. ಒಬ್ಬರ ಮನೆ ತೋರಿಸಲಿಕ್ಕೆ.”

ನಾಡಿದ್ದಿನ ಹಾಲೂ ಬೇಡವೇ ಎಂದು ಕೇಳಿದ. ಅದು ನನಗೆ ಗೊತ್ತಿಲ್ಲ, ಬಂದು ಹೇಳುತ್ತೇನೆ ಎಂದು ಹೇಳಿ ವಾಪಸ್ ಬಂದೆ.